ಇಂಗ್ಲೆಂಡಿನಲ್ಲಿ ನಿಮ್ಮ ಬೀದಿಯ ಪಬ್ ಹುಡುಕಿಕೊಳ್ಳುವುದು ಹೇಗೆ

ಓದಲೋ ಕೆಲಸಕ್ಕೋ ಇಂಗ್ಲೆಂಡಿಗೆ ಬಂದವರಿಗೆ ಮೊದಲ ಚಳಿಗಾಲ ಸ್ವಲ್ಪ ಕಷ್ಟ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ. ರೂಮಿನಲ್ಲಿ ಎಷ್ಟು ಹೊತ್ತು ಅಂತ ಗೋಡೆ ನೋಡುತ್ತ ಕೂರುವುದು? ನಮ್ಮೂರಾಗಿದ್ದರೆ ಚಪ್ಪಲಿ ಮೆಟ್ಟಿಕೊಂಡು ಸರ್ಕಲ್ ತನಕ ಹೋಗಿ, ಒಂದು ಬೈಟೂ ಹೇಳಿ, ಯಾರಾದರೂ ಸಿಗುತ್ತಾರೆ ಬಿಡು ಅಂತ ನಿಲ್ಲಬಹುದಿತ್ತು. ಇಲ್ಲಿ ಆ ಕೆಲಸ ಮಾಡುವುದು ಪಬ್. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ನೋಡಿದ ಪಬ್ಬನ್ನು ಮಾತ್ರ ತಲೆಯಿಂದ ತೆಗೆದುಹಾಕಿ. ಡಿಜೆ ಇಲ್ಲ, ಕಪ್ಪು ಅಂಗಿಯ ಬೌನ್ಸರ್ ಇಲ್ಲ. ಅಜ್ಜ ಅಜ್ಜಿ ಬರುತ್ತಾರೆ, ನಾಯಿ ಬರುತ್ತದೆ, ಮಧ್ಯಾಹ್ನ ಮಕ್ಕಳೂ ಬರುತ್ತಾರೆ. ಮನೆ ಹತ್ತಿರದ ಇಂಥ ಪಬ್ಬಿಗೆ ಇಲ್ಲಿನವರು ಸುಮ್ನೆ ‘ಲೋಕಲ್’ ಅನ್ನುತ್ತಾರೆ.

ಪಬ್ ಅನ್ನುವುದು ‘ಪಬ್ಲಿಕ್ ಹೌಸ್’ ಎಂಬುದರ ಗಿಡ್ಡ ರೂಪ. ಎಲ್ಲರಿಗೂ ಬಾಗಿಲು ತೆರೆದಿರುವ ಮನೆ. ಒಳ್ಳೆಯ ಪಬ್ ಅನ್ನಲು ನನ್ನ ಅಳತೆ ಒಂದೇ. ಪರಿಚಯ ಇಲ್ಲದವರು ಒಬ್ಬರೇ ಹೋಗಬೇಕು, ಕಡಿಮೆ ಬೆಲೆಯ ಏನನ್ನಾದರೂ ಒಂದೇ ಒಂದು ತಗೊಳ್ಳಬೇಕು, ಒಂದು ಗಂಟೆ ಕೂರಬೇಕು. ಅಷ್ಟು ಹೊತ್ತೂ ಯಾರೂ ‘ಇವರಿಗಿಲ್ಲೇನು ಕೆಲಸ’ ಅಂತ ನೋಡಬಾರದು. ಆ ಪಬ್ ಸಿಗುವ ತನಕ ಹುಡುಕುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಕಾಲ್ನಡಿಗೆ

ಫೋನಿನಲ್ಲಿ ಸ್ಟಾರ್ ಎಣಿಸಬೇಡಿ. ಮನೆಯಿಂದ ಹದಿನೈದು ನಿಮಿಷ ನಡೆದು ಮುಟ್ಟುವಷ್ಟು ದೂರದಲ್ಲಿ ಎಷ್ಟು ಪಬ್ ಇವೆ ಅಂತ ಒಂದು ಸುತ್ತು ಹಾಕಿ. ಅದಕ್ಕಿಂತ ದೂರದ್ದು ಎಷ್ಟೇ ಚೆನ್ನಾಗಿದ್ದರೂ ಮಳೆ ಬಂದ ದಿನ ನೀವು ಹೋಗುವುದಿಲ್ಲ. ಇಲ್ಲಿ ಮಳೆ ಬರದ ದಿನ ಯಾವುದು ಹೇಳಿ! ಹೈ ಸ್ಟ್ರೀಟ್‌ನಲ್ಲಿ, ಅಂದರೆ ಊರಿನ ಮುಖ್ಯ ಅಂಗಡಿಬೀದಿಯಲ್ಲಿ, ಇರುವವು ದಾರಿಹೋಕರನ್ನು ನಂಬಿ ನಡೆಯುತ್ತವೆ. ಒಳಬೀದಿಯ ತಿರುವಿನಲ್ಲಿ, ಸಾಲುಮನೆಗಳ ನಡುವೆ ಇರುವವು ಬೀದಿಯವರನ್ನೇ ನಂಬಿರುತ್ತವೆ. ನಿಮಗೆ ಬೇಕಾದದ್ದು ಎರಡನೆಯದು.

ಹೊರಗೆ ತೂಗುವ ಬೋರ್ಡ್ ನೋಡಿ. ಏಲ್ ಅನ್ನುವ ಬೀರು ಮಾರುವವರು ಮನೆ ಮುಂದೆ ಗುರುತು ಹಾಕಲೇಬೇಕು ಅಂತ ಎರಡನೆಯ ರಿಚರ್ಡ್ ದೊರೆ 1393ರಲ್ಲೇ ಕಾನೂನು ಮಾಡಿದ್ದ. ಓದಲು ಬಾರದ ಜನ, ಹಾಗಾಗಿ ಚಿತ್ರ. ಕೆಂಪು ಸಿಂಹ, ಹಂಸ, ನೇಗಿಲು. ‘ರಾಯಲ್ ಓಕ್’ ಅಂತ ಹೆಸರಿದ್ದರೆ, 1651ರಲ್ಲಿ ಯುದ್ಧ ಸೋತ ಎರಡನೆಯ ಚಾರ್ಲ್ಸ್ ಓಕ್ ಮರ ಹತ್ತಿ ಅವಿತುಕೊಂಡ ಕತೆ ಅದು. ಸೋತು ಮರ ಹತ್ತಿದ ದೊರೆಯ ಹೆಸರಿನಲ್ಲಿ ಇಷ್ಟೊಂದು ಪಬ್ ಇಟ್ಟ ಜನ ನನಗೆ ಇಷ್ಟ.

ಚಿತ್ರ ನೋಡಿ ಆದ ಮೇಲೆ ಕೆಳಗಿನ ಸಣ್ಣ ಅಕ್ಷರ ಓದಿ. ‘ಫ್ರೀ ಹೌಸ್’ ಅಂತ ಇದ್ದರೆ ಬೀರು ಪುಕ್ಕಟೆ ಅಂತಲ್ಲ. ಯಾವ ಕಂಪನಿಯ ಹಂಗೂ ಇಲ್ಲದೆ ಬೇಕಾದ ಕಡೆಯಿಂದ ಬೀರು ತರಿಸುವ ಪಬ್ ಅಂತ ಅರ್ಥ. ಉಳಿದ ಬಹಳಷ್ಟು ಪಬ್‌ಗಳು ‘ಟೈಡ್’. ಕಟ್ಟಡ ಕಂಪನಿಯದು, ನಡೆಸುವವರು ಬಾಡಿಗೆಗೆ ಇರುವವರು, ಬೀರನ್ನು ಆ ಕಂಪನಿಯಿಂದಲೇ ಕೊಳ್ಳಬೇಕು. ಮೊದಲು ಈ ಕಂಪನಿಗಳು ಬೀರು ತಯಾರಕರೇ ಆಗಿದ್ದವು. ಎರಡು ಸಾವಿರಕ್ಕಿಂತ ಜಾಸ್ತಿ ಪಬ್ ಇರುವ ದೊಡ್ಡ ತಯಾರಕರು, ಆ ಹೆಚ್ಚಿನವುಗಳಲ್ಲಿ ಅರ್ಧದಷ್ಟನ್ನು ಈ ಕಟ್ಟಿನಿಂದ ಬಿಡಬೇಕು ಅಂತ ಸರ್ಕಾರ 1989ರಲ್ಲಿ ನಿಯಮ ತಂದಿತು. ಅವರು ಸಾವಿರಗಟ್ಟಲೆ ಪಬ್ ಮಾರಿದರು. ಕೊಂಡುಕೊಂಡವರು ಬೀರನ್ನೇ ತಯಾರಿಸದ, ಬಾಡಿಗೆ ವಸೂಲಿ ಮಾಡುವ ದೊಡ್ಡ ಕಂಪನಿಗಳು. ಬಾಣಲೆಯಿಂದ ಬೆಂಕಿಗೆ ಅನ್ನುತ್ತಾರಲ್ಲ, ಹಾಗಾಯಿತು.

ಆದರೆ ಟೈಡ್ ಅಂದ ತಕ್ಷಣ ಬೇಡ ಅನ್ನಬೇಡಿ. ಯಾರ್ಕ್‌ಷೈರಿನ ಟಿಮೊತಿ ಟೇಲರ್, ಸಸೆಕ್ಸಿನ ಹಾರ್ವೀಸ್‌ನಂಥ ಹಳೆಯ ತಯಾರಕರ ಪಬ್‌ಗಳಲ್ಲಿ ನಾನು ಒಳ್ಳೊಳ್ಳೆಯ ಸಂಜೆ ಕಳೆದಿದ್ದೇನೆ. ಕೇಳಬೇಕಾದ ಪ್ರಶ್ನೆ ಬೇರೆ: ಈಗಿನ ಲ್ಯಾಂಡ್‌ಲಾರ್ಡ್ ಅಥವಾ ಲ್ಯಾಂಡ್‌ಲೇಡಿ ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ? ಇಲ್ಲಿ ಲ್ಯಾಂಡ್‌ಲಾರ್ಡ್ ಅಂದರೆ ಪಬ್ ನಡೆಸುವವರು. ಐದಾರು ವರ್ಷ ಅಂದರೆ ಬೀದಿಯವರು ಒಪ್ಪಿದ್ದಾರೆ ಅಂತ. ವರ್ಷಕ್ಕೊಬ್ಬರು ಬದಲಾಗುತ್ತಿದ್ದರೆ ಅಲ್ಲಿ ಬಾಡಿಗೆಯೋ ಇನ್ನೇನೋ ಕಚ್ಚುತ್ತಿದೆ.

ಹೋಗುವುದಾದರೆ ಮಂಗಳವಾರ

ಶುಕ್ರವಾರ ರಾತ್ರಿ ಎಲ್ಲ ಪಬ್ಬೂ ಚೆನ್ನಾಗೇ ಕಾಣುತ್ತದೆ. ಜಾತ್ರೆ ದಿನ ಹೋಟೆಲ್ಲಿನ ರುಚಿ ನೋಡಿದ ಹಾಗೆ. ಮಂಗಳವಾರ ಸಂಜೆ ಆರೂವರೆಗೆ ಹೋಗಿ. ಆಗ ಅಲ್ಲಿ ಇರುವವರೇ ನಿಜವಾದ ಗಿರಾಕಿಗಳು. ನಾಲ್ಕೇ ಜನ ಇದ್ದರೂ ಪರವಾಗಿಲ್ಲ, ಆ ನಾಲ್ವರು ಮಾತಾಡುತ್ತಿದ್ದಾರಾ ನೋಡಿ.

ಬಾಗಿಲ ಗಾಜು ಮಸುಕಾಗಿರುತ್ತದೆ. ಒಳಗೆ ಏನಿದೆ ಅಂತ ಕಾಣುವುದಿಲ್ಲ. ಹೊಸಬರಿಗೆ ಅಲ್ಲೇ ಅರ್ಧ ಧೈರ್ಯ ಹೋಗುತ್ತದೆ. ವಿಕ್ಟೋರಿಯಾ ಕಾಲದಲ್ಲಿ, ಒಳಗೆ ಕೂತವರು ಬೀದಿಗೆ ಕಾಣದಿರಲಿ ಅಂತ ಹಾಕಿದ ಗಾಜು ಅದು. ಸುಮ್ನೆ ತಳ್ಳಿ. ತಲೆಗಳು ಒಮ್ಮೆ ತಿರುಗುತ್ತವೆ, ಮತ್ತೆ ತಮ್ಮ ಲೋಟಕ್ಕೆ ಮರಳುತ್ತವೆ. ಮರಳದಿದ್ದರೆ ಆ ಪಬ್ ಬೇಡ.

ಕೌಂಟರ್ ಹತ್ತಿರ

ನಾನು ಮೊದಲ ಸಲ ಹೋದಾಗ ಮೂಲೆಯ ಟೇಬಲ್ ಹಿಡಿದು ಮಾಣಿ ಬರುತ್ತಾನೆ ಅಂತ ಇಪ್ಪತ್ತು ನಿಮಿಷ ಕಾದೆ. ಯಾರೂ ಬರಲಿಲ್ಲ. ನನ್ನ ಬಣ್ಣ ನೋಡಿ ಹೀಗೆ ಮಾಡುತ್ತಿದ್ದಾರೆ ಅಂತ ಒಳಗೇ ಕುದಿಯುತ್ತಿದ್ದೆ. ಪಕ್ಕದ ಟೇಬಲ್ಲಿನ ಮುದುಕಿ ಬಗ್ಗಿ, ‘ಕೌಂಟರಿಗೆ ಹೋಗಿ ಕೇಳಬೇಕು ಮಗಾ’ ಅನ್ನುವ ಧಾಟಿಯಲ್ಲಿ ಹೇಳಿದಳು. ಊಟ ಮಾತ್ರ ಕೆಲವು ಕಡೆ ಟೇಬಲ್ಲಿಗೆ ಬರುತ್ತದೆ. ಕುಡಿಯುವುದನ್ನು ನೀವೇ ಹೋಗಿ ತರಬೇಕು, ಆಗಲೇ ದುಡ್ಡು ಕೊಡಬೇಕು.

ಕೌಂಟರಿನಲ್ಲಿ ಸಾಲು ಇರುವುದಿಲ್ಲ, ಆದರೆ ಸಾಲು ಇದೆ! ಯಾರು ಯಾರಿಗಿಂತ ಮೊದಲು ಬಂದರು ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ನೋಟು ಬೀಸಬೇಡಿ, ಚಿಟಿಕೆ ಹೊಡೆಯಬೇಡಿ. ಒಳಗಿನವರ ಕಣ್ಣು ನಿಮ್ಮ ಮೇಲೆ ಬೀಳುವ ಹಾಗೆ ನಿಂತರೆ ಸಾಕು. ನಿಮ್ಮನ್ನು ತಪ್ಪಿ ಮೊದಲೇ ಕೇಳಿದರೆ, ‘ಇವರು ನನಗಿಂತ ಮೊದಲು ಬಂದಿದ್ದಾರೆ’ ಅಂತ ಪಕ್ಕದವರನ್ನು ತೋರಿಸಿ. ಹೊಸ ಪಬ್ಬಿನಲ್ಲಿ ಒಳ್ಳೆಯ ಹೆಸರು ಪಡೆಯಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಮದ್ಯ ಕೊಳ್ಳಲು ವಯಸ್ಸು 18 ಆಗಿರಬೇಕು. 25ಕ್ಕಿಂತ ಚಿಕ್ಕವರಂತೆ ಕಂಡರೆ ಗುರುತಿನ ಚೀಟಿ ಕೇಳುವುದು ವಾಡಿಕೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದು ಪಿಂಟ್ ಅಂದರೆ 568 ಮಿಲಿ. ಹಾಫ್ ಅಂದರೆ 284. ಹಾಫ್ ಕೇಳುವುದರಲ್ಲಿ ನಾಚಿಕೆ ಏನಿಲ್ಲ. ಪೀಪಾಯಿಯಿಂದ ಬರುವ ಕ್ಯಾಸ್ಕ್ ಬೀರು ಬೇಕಾದರೆ ಒಂದು ಗುಟುಕು ರುಚಿ ನೋಡಲು ಕೊಡಿ ಅಂತಲೂ ಕೇಳಬಹುದು. ಟಿಪ್ಸ್ ಇಡುವ ಪದ್ಧತಿ ಇಲ್ಲ. ತುಂಬ ಚೆನ್ನಾಗಿ ನೋಡಿಕೊಂಡರು ಅನಿಸಿದರೆ ದುಡ್ಡು ಕೊಡುವಾಗ ‘ನಿಮಗೂ ಒಂದು ಸೇರಿಸಿಕೊಳ್ಳಿ’ ಅನ್ನಿ.

ಇನ್ನು ರೌಂಡ್. ನಾಲ್ಕು ಜನ ಹೋದರೆ ಒಬ್ಬರು ನಾಲ್ವರಿಗೂ ತರುತ್ತಾರೆ, ಮುಗಿದಾಗ ಮುಂದಿನವರ ಸರದಿ. ನಮ್ಮಲ್ಲಿ ಬಿಲ್ ಬಂದಾಗ ‘ನಾನು ಕೊಡ್ತೀನಿ, ನಾನು ಕೊಡ್ತೀನಿ’ ಅಂತ ಎಳೆದಾಡುತ್ತೇವಲ್ವಾ, ಅದನ್ನೇ ಇವರು ಸರದಿ ಹಾಕಿ ಹಂಚಿಕೊಂಡಿದ್ದಾರೆ. ತಮ್ಮ ಸರದಿ ಬರುವಾಗ ಬಾತ್‌ರೂಮಿಗೆ ಹೋಗುವವರ ಹೆಸರು ವರ್ಷಗಟ್ಟಲೆ ನೆನಪಿರುತ್ತದೆ. ನಾಲ್ಕು ಲೋಟ ಆಗುವುದಿಲ್ಲ ಅನ್ನುವವರು ಮೊದಲೇ ‘ನಾನು ನನ್ನದು ತಗೋತೀನಿ’ ಅನ್ನಿ. ಯಾರೂ ತಪ್ಪು ತಿಳಿಯುವುದಿಲ್ಲ.

ಬೀರಿನ ಪರೀಕ್ಷೆ

ಕುಡಿಯದವರು ಇದನ್ನು ದಾಟಿ ಮುಂದೆ ಹೋಗಬಹುದು. ಆದರೆ ಪಬ್ ನಡೆಸುವವರಿಗೆ ಕೆಲಸದ ಮೇಲೆ ಎಷ್ಟು ನಿಗಾ ಇದೆ ಅನ್ನುವುದು ಗೊತ್ತಾಗುವುದು ಇಲ್ಲೇ.

ಕೌಂಟರಿನ ಮೇಲೆ ಉದ್ದ ಹಿಡಿಕೆಯ ಹ್ಯಾಂಡ್‌ಪಂಪ್‌ಗಳು ನಿಂತಿರುತ್ತವೆ. ಅದರಿಂದ ಬರುವುದು ಕ್ಯಾಸ್ಕ್ ಏಲ್. ಸೋಸಿ, ಬಿಸಿಮಾಡಿ, ಗ್ಯಾಸ್ ತುಂಬಿಸಿದ ಬೀರಲ್ಲ ಅದು. ಈಸ್ಟ್ ಇನ್ನೂ ಜೀವಂತ ಇರುತ್ತದೆ. ನೆಲಮಾಳಿಗೆಯ ಪೀಪಾಯಿಯಲ್ಲೇ ಎರಡನೆಯ ಸಲ ಹುದುಗುತ್ತದೆ. ಅದಕ್ಕೆ ಗಾಳಿ ಬಿಡುವುದು, ತಳ ಕೂರಲು ಬಿಡುವುದು, ಯಾವಾಗ ಮಾರಾಟಕ್ಕೆ ಸಿದ್ಧ ಅಂತ ನಿರ್ಧರಿಸುವುದು, ಎಲ್ಲ ಪಬ್ಬಿನವರ ಕೈಯಲ್ಲಿ. ಮೊಸರಿಗೆ ಹೆಪ್ಪು ಹಾಕುವವರ ಕೈಗುಣ ಅನ್ನುತ್ತೇವಲ್ಲ, ಅದೇ ಲೆಕ್ಕ. 1960ರ ದಶಕದಲ್ಲಿ ದೊಡ್ಡ ಕಂಪನಿಗಳು ಈ ರಗಳೆ ಯಾಕೆ ಅಂತ ಗ್ಯಾಸ್ ಬೀರಿಗೆ ತಿರುಗಿದವು. ಇದು ಹೀಗೇ ಬಿಟ್ಟರೆ ಅಳಿದುಹೋಗುತ್ತದೆ ಅಂತ 1971ರಲ್ಲಿ ನಾಲ್ವರು ಗೆಳೆಯರು ‘ಕಾಮ್ರಾ’ ಸಂಘ ಶುರುಮಾಡಿದರು. ಕ್ಯಾಸ್ಕ್ ಏಲ್ ಇವತ್ತಿಗೂ ಸಿಗುತ್ತಿರುವುದರಲ್ಲಿ ಆ ಸಂಘದ ಪಾಲು ದೊಡ್ಡದು.

ಈಗ ಒಂದು ಸಣ್ಣ ಲೆಕ್ಕ. ಸಾಮಾನ್ಯ ಪೀಪಾಯಿಗೆ ‘ಫರ್ಕಿನ್’ ಅನ್ನುತ್ತಾರೆ. ಒಂಬತ್ತು ಗ್ಯಾಲನ್, ಅಂದರೆ 72 ಪಿಂಟ್. ಒಮ್ಮೆ ತೆರೆದರೆ ಮೂರು ದಿನದಲ್ಲಿ ಖಾಲಿಯಾಗಬೇಕು, ಆಮೇಲೆ ಗಾಳಿ ತಾಗಿ ಹುಳಿಯಾಗುತ್ತದೆ. ಅಂದರೆ ಒಂದು ಪಂಪಿನಿಂದ ದಿನಕ್ಕೆ 24 ಪಿಂಟ್ ಹೋಗಬೇಕು. ಸಾಲಾಗಿ ಹತ್ತು ಪಂಪ್ ಇದ್ದು, ಮಂಗಳವಾರ ನಾಲ್ಕೇ ಜನ ಕೂತಿದ್ದರೆ ನೀವೇ ಗುಣಿಸಿ ನೋಡಿ. ಹತ್ತು ಪಂಪಿನ ಖಾಲಿ ಪಬ್ಬಿಗಿಂತ ಎರಡೇ ಪಂಪಿನ ಬೀದಿ ಪಬ್ ಎಷ್ಟೋ ಮೇಲು. ಏನು ತಗೊಳ್ಳಬೇಕು ಅಂತ ತಿಳಿಯದಿದ್ದರೆ ‘ಇವತ್ತು ಯಾವುದು ಜಾಸ್ತಿ ಹೋಗ್ತಿದೆ’ ಅಂತ ಕೇಳಿ, ಅದನ್ನೇ ತಗೊಳ್ಳಿ.

ಲೋಟ ಕೈಗೆ ಬಂದಾಗ ಬೆಳಕಿಗೆ ಹಿಡಿಯಿರಿ. ಮಸುಕು ಬೀರು ಅಂತಲೇ ಹೇಳಿ ಮಾರುವುದನ್ನು ಬಿಟ್ಟರೆ, ಅದು ತಿಳಿಯಾಗಿರಬೇಕು. ತಂಪು ನೆಲಮಾಳಿಗೆಯಷ್ಟು, 11ರಿಂದ 13 ಡಿಗ್ರಿ. ಬಿಸಿಲಲ್ಲಿ ಐಸ್‌ನಂಥ ಲಾಗರ್ ಕುಡಿದು ಬೆಳೆದ ನಮ್ಮ ಬಾಯಿಗೆ ಇದು ಮೊದಮೊದಲು ಸಪ್ಪೆ ಅನಿಸುತ್ತದೆ. ಮೂರನೆಯ ಸಲಕ್ಕೆ ರುಚಿ ಹತ್ತುತ್ತದೆ. ಕುಡಿಯುತ್ತಾ ಹೋದಂತೆ ಲೋಟದ ಒಳಗೆ ನೊರೆ ಉಂಗುರ ಉಂಗುರವಾಗಿ ಅಂಟಿ ಉಳಿಯಬೇಕು. ಉಳಿದರೆ ಲೋಟ ಚೆನ್ನಾಗಿ ತೊಳೆದಿದ್ದಾರೆ ಅಂತ. ಉತ್ತರದ ಕಡೆ ಪಂಪಿನ ಮೂತಿಗೆ ಸ್ಪಾರ್ಕ್ಲರ್ ಹಾಕಿ ದಪ್ಪ ನೊರೆ ಬರಿಸುತ್ತಾರೆ, ದಕ್ಷಿಣದವರು ಅದನ್ನು ಕಂಡರೆ ಮೂಗು ಮುರಿಯುತ್ತಾರೆ. ನಮ್ಮ ಸಾಂಬಾರಿಗೆ ಬೆಲ್ಲ ಹಾಕುವ ಜಗಳ ನೆನಪಾಗುತ್ತದೆ.

ವಿನೆಗರ್ ವಾಸನೆ ಬಂದರೆ ಒಂದು ಗುಟುಕಿಗೇ ನಿಲ್ಲಿಸಿ, ವಾಪಸ್ ತಗೊಂಡು ಹೋಗಿ. ಮೆತ್ತಗೆ ‘ಇದು ಸ್ವಲ್ಪ ಹುಳಿ ಅನಿಸ್ತಿದೆ’ ಅಂದರೆ ಸಾಕು. ಒಂದು ಕಡೆ ನಾನು ಹೀಗೆ ಹೇಳಿದಾಗ ಕೌಂಟರಿನವನು ‘ಅದರ ರುಚಿಯೇ ಹಾಗೆ’ ಅಂದುಬಿಟ್ಟ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಇನ್ನೊಂದು ಕಡೆ ಲ್ಯಾಂಡ್‌ಲೇಡಿ ಮಾತಿಲ್ಲದೆ ತಾನೇ ಮೂಸಿ ನೋಡಿದಳು, ಮುಖ ಕಿವುಚಿದಳು, ಪಂಪಿನ ಮೇಲಿದ್ದ ಚೀಟಿಯನ್ನು ಹಿಂದೆ ತಿರುಗಿಸಿಟ್ಟಳು. ಇವತ್ತಿಗೆ ಅದು ಬಂದ್ ಅಂತ ಅರ್ಥ. ಬೇರೆ ಲೋಟ ತುಂಬಿ ಕೊಟ್ಟಳು. ಅದೇ ಈಗ ನನ್ನ ಲೋಕಲ್.

ಸಸ್ಯಾಹಾರಿಗಳಿಗೆ ಒಂದು ಮಾತು. ಕ್ಯಾಸ್ಕ್ ಏಲ್ ಬೇಗ ತಿಳಿಯಾಗಲಿ ಅಂತ ಹೆಚ್ಚಿನವರು ಹಾಕುವುದು ಐಸಿಂಗ್‌ಲಾಸ್. ಅದು ಮೀನಿನ ಗಾಳಿಚೀಲದಿಂದ ಮಾಡಿದ್ದು. ತಳದ ಗಸಿಯ ಜೊತೆ ಅದೂ ಕೆಳಗೆ ಕೂರುತ್ತದೆ ನಿಜ, ಆದರೂ ಬೇಡ ಅನ್ನುವವರು ‘ಅನ್‌ಫೈನ್ಡ್’ ಅಂತ ಬರೆದಿರುವುದನ್ನೋ ವೀಗನ್ ಬೀರನ್ನೋ ಕೇಳಬೇಕು. ಈಗ ಬೇಕಾದಷ್ಟು ಸಿಗುತ್ತವೆ.

ಕೋಣೆ, ಕುರ್ಚಿ, ಸದ್ದು

ಲೋಟ ಹಿಡಿದು ಒಂದು ಸುತ್ತು ಕಣ್ಣಾಡಿಸಿ. ಹಳೆಯ ಪಬ್ಬಿನಲ್ಲಿ ಒಂದೇ ದೊಡ್ಡ ಹಾಲ್ ಇರುತ್ತಿರಲಿಲ್ಲ. ಕೂಲಿಯವರಿಗೆ ಹಲಗೆ ಬೆಂಚಿನ ಪಬ್ಲಿಕ್ ಬಾರ್, ಸ್ವಲ್ಪ ಅನುಕೂಲಸ್ಥರಿಗೆ ಮೆತ್ತನೆ ಕುರ್ಚಿಯ ಸಲೂನ್, ಯಾರ ಕಣ್ಣಿಗೂ ಬೀಳಬಾರದು ಅನ್ನುವವರಿಗೆ ಪುಟ್ಟ ‘ಸ್ನಗ್’. ಲಂಡನ್ನಿನ ಬ್ಲೂಮ್ಸ್‌ಬರಿಯಲ್ಲಿರುವ ‘ದ ಲ್ಯಾಂಬ್’ ಪಬ್ಬಿನ ಕೌಂಟರಿನ ಮೇಲೆ ಮುಖದ ಎತ್ತರಕ್ಕೆ ತಿರುಗುವ ಸಣ್ಣ ಗಾಜಿನ ಬಾಗಿಲುಗಳು ಇವತ್ತಿಗೂ ಇವೆ. ಲೋಟ ದಾಟಿಸುವ ಕೈ ಮಾತ್ರ ಕಾಣಬೇಕು, ಕುಡಿಯುವ ದೊಡ್ಡವರ ಮುಖ ಕಾಣಬಾರದು! ಬರ್ಕ್‌ಷೈರಿನ ಆಲ್ಡ್‌ವರ್ತ್ ಹಳ್ಳಿಯ ‘ಬೆಲ್ ಇನ್’ನಲ್ಲಿ ಕೌಂಟರೇ ಇಲ್ಲ, ಕಿಟಕಿಯಂಥ ಸಣ್ಣ ಕಂಡಿ. ಇನ್ನೂರು ವರ್ಷಕ್ಕೂ ಜಾಸ್ತಿ ಒಂದೇ ಮನೆತನದವರು ಆ ಕಂಡಿಯಲ್ಲಿ ಬೀರು ಕೊಡುತ್ತಿದ್ದಾರೆ. ಕಾಮ್ರಾ ಅದನ್ನು 1990ರಲ್ಲೂ 2019ರಲ್ಲೂ ದೇಶದ ಅತ್ಯುತ್ತಮ ಪಬ್ ಅಂತ ಆರಿಸಿತು.

ನಿಮ್ಮ ಬೀದಿಯಲ್ಲಿ ಅಂಥದ್ದೇ ಸಿಗಬೇಕು ಅಂತೇನಿಲ್ಲ. ಕೂರಲು ಮೂಲೆಗಳು ಇರಬೇಕು, ಬೆನ್ನಿಗೆ ಗೋಡೆ ಸಿಗಬೇಕು. ಚಳಿಗಾಲದಲ್ಲಿ ನಿಜವಾಗಿ ಉರಿಯುವ ಬೆಂಕಿಗೂಡು ಇದ್ದರೆ ಭಾಗ್ಯ. ಗೋಡೆಗೊಂದು ಟಿವಿ ಇದ್ದರೆ ನಾನು ಅಲ್ಲಿಂದ ಎದ್ದುಬರುತ್ತೇನೆ, ಫುಟ್ಬಾಲ್ ಪ್ರಿಯರು ಬೇರೆ ಹೇಳಬಹುದು. ಸಂಗೀತ ಇದ್ದರೆ ಮಾತಿಗಿಂತ ಕೆಳಗಿರಬೇಕು. ಯಾರ್ಕ್‌ಷೈರಿನ ಸ್ಯಾಮ್ಯುಯೆಲ್ ಸ್ಮಿತ್ ಕಂಪನಿ 2004ರಲ್ಲಿ ತನ್ನ ಪಬ್‌ಗಳಲ್ಲಿ ಸಂಗೀತವನ್ನೇ ನಿಲ್ಲಿಸಿತು, ಆಮೇಲೆ ಫೋನನ್ನೂ ಬೇಡ ಅಂದಿತು. ಸ್ವಲ್ಪ ಅತಿಯಾಯಿತು ಅನ್ನುವವರಿದ್ದಾರೆ. ಆದರೆ ಅಲ್ಲಿ ಹರಟೆಯ ಗುಜುಗುಜು ಕೇಳಿದರೆ ಅರಳಿಕಟ್ಟೆಯೇ ನೆನಪಾಗುತ್ತದೆ.

ಡಾರ್ಟ್ಸ್ ಬೋರ್ಡ್ ಇದ್ದರೆ ನಿಲ್ಲುವ ಗೆರೆ ಬೋರ್ಡಿನಿಂದ 2.37 ಮೀಟರ್ ದೂರ. ಆಡಲು ಕರೆದರೆ ಹೋಗಿ. 501ರಿಂದ ಕಳೆಯುತ್ತಾ ಬರುವ ಆಟ, ಬಾಯಿಲೆಕ್ಕ ಬರುವವರಿಗೆ ಅಲ್ಲಿ ಭಾರೀ ಮರ್ಯಾದೆ.

ಜನ

ಕೌಂಟರಿಗೆ ಒರಗಿ ನಿಂತವರು ಮಾತಿಗೆ ಸಿದ್ಧ. ಟೇಬಲ್ಲಿನಲ್ಲಿ ಪೇಪರ್ ಬಿಡಿಸಿಕೊಂಡವರು ಅಲ್ಲ. ಈ ಒಂದು ಗುರುತು ಗೊತ್ತಿದ್ದರೆ ಮುಜುಗರ ಅರ್ಧ ಕಡಿಮೆ. ಶುರು ಹವಾಮಾನದಿಂದ ಆಗಲಿ, ಅಥವಾ ಅವರ ನಾಯಿಯಿಂದ. ನಾಯಿಯ ಹೆಸರು ಕೇಳಿ ಎಷ್ಟೋ ದಿನ ಆದ ಮೇಲೆ ಯಜಮಾನರ ಹೆಸರು ಕೇಳಿದ್ದೂ ಇದೆ. ಸಂಬಳ ಎಷ್ಟು, ಮದುವೆ ಆಗಿದೆಯಾ, ಇವೆಲ್ಲ ಬೇಡ. ತುದಿಯ ಸ್ಟೂಲ್ ಖಾಲಿ ಇದ್ದರೂ ಕೂರುವ ಮೊದಲು ಕೇಳಿ. ಇಪ್ಪತ್ತು ವರ್ಷದಿಂದ ಅಲ್ಲೇ ಕೂರುವವರು ಏಳು ಗಂಟೆಗೆ ಬರುವವರಿರಬಹುದು.

ಎಲ್ಲರಿಗೂ ತೆರೆದ ಬಾಗಿಲು ಅಂದೆ. ಯಾವಾಗಲೂ ಹಾಗಿರಲಿಲ್ಲ. ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆಥಿಕ್‌ನ ಕಾರ್ಖಾನೆಗಳಲ್ಲಿ ಪಂಜಾಬಿನವರು ಬಹಳ ಜನ ದುಡಿಯುತ್ತಿದ್ದರು. ಕೆಲಸ ಮುಗಿಸಿ ಪಬ್ಬಿಗೆ ಹೋದರೆ ಕೆಲವು ಕೋಣೆಗಳಲ್ಲಿ ಬಿಳಿಯರಿಗೆ ಮಾತ್ರ ಜಾಗ. 1965ರ ಫೆಬ್ರವರಿಯಲ್ಲಿ ಅಮೆರಿಕದಿಂದ ಕಪ್ಪುಜನರ ಹಕ್ಕಿನ ಹೋರಾಟಗಾರ ಮಾಲ್ಕಂ ಎಕ್ಸ್ ಬಂದು ಅದನ್ನು ಕಣ್ಣಾರೆ ನೋಡಿಹೋದ. ಅದಾಗಿ ಒಂಬತ್ತು ದಿನಕ್ಕೆ ನ್ಯೂಯಾರ್ಕಿನಲ್ಲಿ ಅವನ ಕೊಲೆಯಾಯಿತು. ಅದೇ ವರ್ಷದ ಕೊನೆಗೆ ಬಂದ ಕಾನೂನು ಪಬ್‌ಗಳಲ್ಲಿ ಬಣ್ಣ ನೋಡಿ ತಡೆಯುವುದನ್ನು ನಿಷೇಧಿಸಿತು. ಆಮೇಲಿನ ವರ್ಷಗಳಲ್ಲಿ ಅದೇ ಸ್ಮೆಥಿಕ್, ವೆಸ್ಟ್ ಬ್ರಾಮಿಚ್ ಸುತ್ತ ಭಾರತೀಯರೇ ಪಬ್ ಕೊಂಡು ನಡೆಸಿದರು. ಈಗ ಅವಕ್ಕೆ ‘ದೇಸಿ ಪಬ್’ ಅಂತಲೇ ಹೆಸರು. ಉಸ್ಸ್ ಅನ್ನುವ ಕಾವಲಿಯ ಮೇಲೆ ಮಿಕ್ಸ್ಡ್ ಗ್ರಿಲ್, ಪಕ್ಕದಲ್ಲಿ ಪಿಂಟ್, ಟೇಬಲ್ ಸುತ್ತ ಎಲ್ಲ ಬಣ್ಣದವರು. ಆ ಕಡೆ ಹೋದರೆ ತಪ್ಪಿಸಬೇಡಿ.

ಇವತ್ತೂ ಎಲ್ಲೋ ಒಂದು ಕಡೆ ಸರಿ ಅನಿಸದಿದ್ದರೆ ಸುಮ್ಮನೆ ಎದ್ದು ಬನ್ನಿ. ಹದಿನೈದು ನಿಮಿಷದ ಸುತ್ತಳತೆಯಲ್ಲಿ ಇನ್ನೊಂದು ಇದೆ ಅಂತ ಆಗಲೇ ನೋಡಿಟ್ಟಿದ್ದೀರಲ್ಲ.

ತಿನ್ನಲು, ಕುಡಿಯದವರಿಗೆ

ಒಳ್ಳೆಯ ಲೋಕಲ್‌ನಲ್ಲಿ ಊಟ ಇರಲೇಬೇಕಿಲ್ಲ. ಚಿಪ್ಸ್ ಪೊಟ್ಟಣ ಸಾಕು. ಅದನ್ನು ಮೇಲಿನಿಂದ ಹರಿಯದೆ, ಪಕ್ಕದಿಂದ ಸೀಳಿ ತಟ್ಟೆಯ ಹಾಗೆ ಟೇಬಲ್ ನಡುವೆ ಬಿಡಿಸಿಡುತ್ತಾರೆ, ಎಲ್ಲರೂ ಕೈಹಾಕಲಿ ಅಂತ. ಅಂದ ಹಾಗೆ ಇಲ್ಲಿ ಅದಕ್ಕೆ ಕ್ರಿಸ್ಪ್ಸ್ ಅನ್ನಬೇಕು. ಚಿಪ್ಸ್ ಅಂದರೆ ಬಿಸಿಬಿಸಿ ಕರಿದ ಆಲೂಗಡ್ಡೆ ಬರುತ್ತದೆ. ಯಾರ್ಕ್‌ಷೈರ್ ಕಡೆ ಅದನ್ನು ದನದ ಕೊಬ್ಬಿನಲ್ಲಿ ಕರಿಯುವವರು ಇನ್ನೂ ಇದ್ದಾರೆ, ಕೇಳಿಯೇ ತಗೊಳ್ಳಿ. ಸ್ಕ್ರಾಚಿಂಗ್ಸ್ ಅಂದರೆ ಹಂದಿ ಚರ್ಮ.

ಕುಡಿಯದವರು ಲೈಮ್ ಸೋಡಾ ಕೇಳಿ, ಅಥವಾ ಆಲ್ಕೊಹಾಲ್ ಇಲ್ಲದ ಬೀರು. ಕಾಫಿ ಕೊಡುವ ಪಬ್‌ಗಳೂ ಬೇಕಾದಷ್ಟಿವೆ, ಅದು ನಮ್ಮ ಫಿಲ್ಟರ್ ಕಾಫಿ ಅಲ್ಲ ಅಷ್ಟೇ. ಯಾಕೆ ಕುಡಿಯಲ್ಲ ಅಂತ ಎರಡು ಸಲ ಕೇಳುವ ಪಬ್ ನನ್ನ ಪರೀಕ್ಷೆಯಲ್ಲಿ ಫೇಲ್. ಕಾರಿನಲ್ಲಿ ಹೋದವರು ಲೈಮ್ ಸೋಡಾಕ್ಕೇ ನಿಲ್ಲಿ.

ಗಂಟೆ ಹೊಡೆದರೆ ಕೊನೆಯ ಆರ್ಡರ್ ಅಂತ. ಮತ್ತೆ ಹೊಡೆದರೆ ಕೌಂಟರ್ ಮುಚ್ಚಿತು, ಲೋಟ ಖಾಲಿ ಮಾಡಲು ಸುಮಾರು ಇಪ್ಪತ್ತು ನಿಮಿಷ ಬಿಡುತ್ತಾರೆ. ಹೊರಡುವಾಗ ಖಾಲಿ ಲೋಟ ಕೌಂಟರಿಗೆ ತಂದಿಡಿ.

ಸಿಕ್ಕಿದ ಮೇಲೆ

ವಾರಕ್ಕೊಂದು ಸಲ, ಅದೇ ದಿನ, ಅದೇ ಹೊತ್ತಿಗೆ ಹೋಗಿ. ಕ್ವಿಜ್ ರಾತ್ರಿ ಇದ್ದರೆ ಜನ ಸಾಲದ ಟೀಮಿಗೆ ಸೇರಿಕೊಳ್ಳಿ. ಕ್ರಿಕೆಟ್ ಪ್ರಶ್ನೆ ಬಂದಾಗ ಎಲ್ಲರೂ ನಿಮ್ಮ ಕಡೆಯೇ ತಿರುಗುತ್ತಾರೆ, ಸ್ವಲ್ಪ ಓದಿಕೊಂಡು ಹೋಗಿ.

ಬೀದಿ ಪಬ್‌ಗಳು ಮುಚ್ಚುತ್ತಲೇ ಇವೆ. ಪಬ್ಬಿಗಿಂತ ಫ್ಲಾಟ್ ಕಟ್ಟಿದರೆ ಲಾಭ ಜಾಸ್ತಿ. ಲಂಡನ್ನಿನ ಮೈಡಾ ವೇಲ್‌ನ ‘ಕಾರ್ಲ್‌ಟನ್ ಟ್ಯಾವರ್ನ್’ ಅನ್ನು 2015ರ ಏಪ್ರಿಲ್‌ನಲ್ಲಿ ಅನುಮತಿ ಇಲ್ಲದೆ ಕೆಡವಿಹಾಕಿದರು. ಬೀದಿಯವರು ಬಿಡಲಿಲ್ಲ. ಪಾರಂಪರಿಕ ಕಟ್ಟಡಗಳ ಇಲಾಖೆ ಮೊದಲೇ ಅದರ ಒಳಹೊರಗನ್ನೆಲ್ಲ ದಾಖಲಿಸಿಟ್ಟಿತ್ತು. ಹೇಗಿತ್ತೋ ಹಾಗೇ ಇಟ್ಟಿಗೆ ಇಟ್ಟಿಗೆ ಕಟ್ಟಿಕೊಡಿ ಅಂತ ವೆಸ್ಟ್‌ಮಿನ್ಸ್ಟರ್ ಕೌನ್ಸಿಲ್ ಆದೇಶ ಮಾಡಿತು. 2021ರ ಏಪ್ರಿಲ್‌ನಲ್ಲಿ ಮತ್ತೆ ಬಾಗಿಲು ತೆರೆಯಿತು. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯವರಂತೂ ತಮ್ಮ ‘ಓಲ್ಡ್ ಕ್ರೌನ್’ ಪಬ್ಬನ್ನು 2003ರಲ್ಲಿ ಸಹಕಾರ ಸಂಘ ಮಾಡಿಕೊಂಡು ತಾವೇ ಕೊಂಡರು.

ಇಂಗ್ಲೆಂಡಿನಲ್ಲಿ 2011ರ ಕಾನೂನಿನ ಪ್ರಕಾರ, ಆ ಪ್ರದೇಶದ ಮತದಾರರು 21 ಜನ ಒಂದು ಗುಂಪು ಮಾಡಿಕೊಂಡು ಪಬ್ಬನ್ನು ಊರಿನ ಆಸ್ತಿ ಅಂತ ಪಟ್ಟಿಗೆ ಸೇರಿಸಿ ಎಂದು ಕೌನ್ಸಿಲ್ಲಿಗೆ ಅರ್ಜಿ ಹಾಕಬಹುದು. ಪಟ್ಟಿಗೆ ಸೇರಿದರೆ, ಮಾಲೀಕರು ಮಾರಲು ಹೊರಟಾಗ ಊರಿನವರಿಗೆ ದುಡ್ಡು ಹೊಂದಿಸಲು ಆರು ತಿಂಗಳವರೆಗೆ ಸಮಯ ಸಿಗುತ್ತದೆ. ಪಬ್ ಕೆಡವಲೋ ಬದಲಿಸಲೋ ಅನುಮತಿ ಕೇಳಿದ್ದಾರೆ ಅಂತ ಪಕ್ಕದ ದೀಪದ ಕಂಬಕ್ಕೆ ಕೌನ್ಸಿಲ್ ನೋಟಿಸ್ ಕಟ್ಟಿದ್ದು ಕಂಡರೆ ಜಾಹೀರಾತು ಅಂತ ದಾಟಿಹೋಗಬೇಡಿ. ನಿಂತು ಓದಿ, ಫೋಟೊ ತೆಗೆಯಿರಿ, ಕೌಂಟರಿನಲ್ಲಿ ತೋರಿಸಿ. ಆಕ್ಷೇಪ ಬರೆಯಲು ಸಾಮಾನ್ಯವಾಗಿ ಕೊಡುವುದು 21 ದಿನ.